ವೆಲ್ಡಿಂಗ್ ಜನರೇಟರ್‌ನಿಂದ ಮನೆಗೆ ವಿದ್ಯುತ್: ಲಕ್ಷಣ ಹಿಡಿದು ದೋಷ ಪತ್ತೆ ಮಾಡುವ ಬಗೆ

ವೆಲ್ಡಿಂಗ್ ಜನರೇಟರ್ ಇಟ್ಟುಕೊಂಡವರು ಕರೆಂಟ್ ಹೋದಾಗ ಅದನ್ನೇ ಮನೆಗೂ ಬಳಸಿಕೊಳ್ಳಲು ನೋಡುವುದು ಸಹಜ. ಯಂತ್ರದಲ್ಲಿ ಸಾಕೆಟ್ ಇದೆ, ಎಂಜಿನ್ನಿಗೆ ಬಲವಿದೆ, ಇನ್ನೊಂದು ಜನರೇಟರ್ ಕೊಳ್ಳುವ ಖರ್ಚು ಉಳಿಯುತ್ತದೆ. ಆದರೆ ಈ ಯಂತ್ರವನ್ನು ರೂಪಿಸಿದ್ದು ವೆಲ್ಡಿಂಗ್ ಆರ್ಕ್‌ಗಾಗಿ. ಸಾಕೆಟ್ಟಿಗೆ ವಿದ್ಯುತ್ ಕೊಡುವುದು ಅದರ ಎರಡನೆಯ ಕೆಲಸ. ಮನೆಗೆ ಜೋಡಿಸಿದಾಗ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹಳಷ್ಟು ಯಂತ್ರ ಕೆಟ್ಟು ಬಂದವಲ್ಲ, ಅದರ ಸ್ವಿಚ್ಚುಗಳು ಇನ್ನೂ ವೆಲ್ಡಿಂಗ್‌ಗೆ ಹೊಂದಿಸಿದ ಸ್ಥಿತಿಯಲ್ಲೇ ಉಳಿದಿದ್ದರಿಂದ ಬಂದವು. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಪ್ಯಾನೆಲ್ ಮೇಲಿನ ಒಂದೊಂದು ಸ್ವಿಚ್ಚನ್ನೂ ನೋಡಿಕೊಂಡು ಬರಬೇಕು.

ಉಪಕರಣವಾಗಿ ಬೇಕಾದದ್ದು ವೋಲ್ಟ್ ಜೊತೆಗೆ ಹರ್ಟ್ಜ್ ಕೂಡ ತೋರಿಸುವ ಒಂದು ಮಲ್ಟಿಮೀಟರ್. ಅದು ಟ್ರೂ ಆರ್‌ಎಂಎಸ್ (ಎಸಿ ಅಲೆ ನಯವಾಗಿಲ್ಲದಿದ್ದರೂ ವೋಲ್ಟನ್ನು ಸರಿಯಾಗಿ ಅಳೆಯುವ) ಮಾದರಿಯದಾಗಿದ್ದರೆ ಉತ್ತಮ. ಹರ್ಟ್ಜ್, ಅಂದರೆ ಎಸಿ ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂಬ ಎಣಿಕೆ, ಎಂಜಿನ್ನಿನ ವೇಗವನ್ನು ಹೇಳುತ್ತದೆ, ವೋಲ್ಟ್ ವೈಂಡಿಂಗ್ (ಯಂತ್ರದೊಳಗಿನ ತಂತಿ ಸುರುಳಿ) ಮತ್ತು ಕೇಬಲ್‌ಗಳ ಸ್ಥಿತಿಯನ್ನು ಹೇಳುತ್ತದೆ. ಎರಡೂ ಒಟ್ಟಿಗೆ ಇಳಿದರೆ ದೋಷವನ್ನು ಎಂಜಿನ್ನಿನ ಕಡೆ ಹುಡುಕಬೇಕು. ಹರ್ಟ್ಜ್ ಸರಿಯಿದ್ದು ವೋಲ್ಟ್ ಮಾತ್ರ ಇಳಿದರೆ ವಿದ್ಯುತ್ತಿನ ಕಡೆ ಹುಡುಕಬೇಕು. ಈ ಒಂದು ವಿಂಗಡಣೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಚಾಲೂ ಮಾಡುವ ಮೊದಲು ಸರಿಯಿರಲೇಬೇಕಾದವು

ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜು, ಶೆಡ್ಡು, ಮುಚ್ಚಿದ ವರಾಂಡ, ಇವುಗಳಲ್ಲಿ ಬಾಗಿಲು ತೆರೆದಿಟ್ಟರೂ ಯಂತ್ರವನ್ನು ಓಡಿಸಬಾರದು. ಮನೆಯ ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆಕೊಳವೆ ಮನೆಗೆ ಬೆನ್ನು ಮಾಡಿರುವಂತೆ ಇಡಬೇಕು. ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಂಡರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ಬಂದು ವೈದ್ಯಕೀಯ ನೆರವು ಕರೆಯಬೇಕು.

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು ಗೋಡೆಯ ಸಾಕೆಟ್ ಮೂಲಕ ಮನೆಗೆ ವಿದ್ಯುತ್ ತುಂಬಿಸುವ ಪದ್ಧತಿಯನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಹಾಗೆ ಹಿಮ್ಮುಖವಾಗಿ ಹೋದ ವಿದ್ಯುತ್ತನ್ನು ಬೀದಿಯ ಟ್ರಾನ್ಸ್‌ಫಾರ್ಮರ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದವರ ಪ್ರಾಣ ಅದರಿಂದ ಹೋಗಬಹುದು. ಪ್ಲಗ್ಗಿನ ಹೊರಗೆ ಚಾಚಿರುವ ಪಿನ್ನುಗಳಲ್ಲೂ ಜೀವಂತ ವಿದ್ಯುತ್ತಿರುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅಳವಡಿಸಿದ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಒಮ್ಮೆಗೆ ಬೀದಿಯ ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಸ್ವಿಚ್) ಇಲ್ಲದಿದ್ದರೆ ಯಂತ್ರದ ಸಾಕೆಟ್ಟಿನಿಂದ ನೇರವಾಗಿ ಎಕ್ಸ್‌ಟೆನ್ಶನ್ ಎಳೆದು ಒಂದೆರಡು ಉಪಕರಣಗಳಿಗಷ್ಟೇ ವಿದ್ಯುತ್ ಕೊಡಬೇಕು.

ಈ ಯಂತ್ರಕ್ಕೇ ವಿಶೇಷವಾದ ಇನ್ನೊಂದು ಅಪಾಯವಿದೆ. ಬಹಳಷ್ಟು ಮಾದರಿಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ವೆಲ್ಡಿಂಗ್ ಟರ್ಮಿನಲ್‌ಗಳಲ್ಲಿ ವಿದ್ಯುತ್ತಿರುತ್ತದೆ, ಸಾಮಾನ್ಯವಾಗಿ 60ರಿಂದ 80 ವೋಲ್ಟ್. ಹೋಲ್ಡರ್ ಎಲ್ಲೋ ಕಬ್ಬಿಣದ ಗೇಟಿನ ಮೇಲೆ ಬಿದ್ದಿದ್ದು, ಅರ್ಥ್ ಕ್ಲಾಂಪ್ ಇನ್ನೆಲ್ಲೋ ಲೋಹಕ್ಕೆ ತಾಗಿದ್ದರೆ ಕತ್ತಲಲ್ಲಿ ಕಿಡಿ ಹಾರಿದ ಮೇಲಷ್ಟೇ ಗೊತ್ತಾಗುತ್ತದೆ. ಮನೆಗೆ ಬಳಸುವ ದಿನ ಎರಡೂ ವೆಲ್ಡಿಂಗ್ ಕೇಬಲ್‌ಗಳನ್ನು ಬಿಚ್ಚಿ ತೆಗೆದಿಟ್ಟು, ಟರ್ಮಿನಲ್‌ಗಳ ಮೇಲಿನ ಮುಚ್ಚಳ ಹಾಕಬೇಕು.

ಲಕ್ಷಣ: ದೀಪ ಮಂದವಾಗಿ ಮಿನುಗುತ್ತದೆ, ಫ್ರಿಜ್ ಗುಂಯ್ ಎಂದು ನಿಂತುಹೋಗುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೂರು ಇದು. ಎಂಜಿನ್ ತಣ್ಣಗೆ, ಮೆಲ್ಲಗೆ ಓಡುತ್ತಿರುತ್ತದೆ. ಎಲ್‌ಇಡಿ ದೀಪಗಳು ನಡುಗುತ್ತವೆ. ಫ್ರಿಜ್ಜಿನ ಕಂಪ್ರೆಸರ್ ಮೂರ್ನಾಲ್ಕು ಸೆಕೆಂಡು ಗುಂಯ್‌ಗುಟ್ಟಿ, ‘ಟಕ್’ ಎಂಬ ಸಣ್ಣ ಸದ್ದಿನೊಂದಿಗೆ ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಕಥೆ. ಆ ‘ಟಕ್’ ಎಂಬುದು ಕಂಪ್ರೆಸರ್‌ನ ಓವರ್‌ಲೋಡ್ ರಕ್ಷಕ ಬಿಸಿಯಾಗಿ ಬಿಟ್ಟುಕೊಂಡ ಸದ್ದು. ಅದನ್ನು ಕೇಳಿದ ಕೂಡಲೇ ಫ್ರಿಜ್ಜಿನ ಪ್ಲಗ್ ತೆಗೆಯಬೇಕು. ತಿರುಗದೆ ನಿಂತ ಮೋಟರು ಓಡುವ ಮೋಟರಿಗಿಂತ ಹಲವು ಪಟ್ಟು ಆಂಪಿಯರ್ ಎಳೆದು ತನ್ನ ವೈಂಡಿಂಗನ್ನು ತಾನೇ ಸುಟ್ಟುಕೊಳ್ಳುತ್ತದೆ.

ಮೊದಲ ತಪಾಸಣೆಗೆ ಖರ್ಚೇ ಇಲ್ಲ. ಪ್ಯಾನೆಲ್ ಮೇಲೆ ‘ಆಟೋ’ ಮತ್ತು ‘ಹೈ’ ಅಥವಾ ‘ರನ್’ ಎಂದು ಬರೆದ ಐಡಲ್ ಸ್ವಿಚ್ ಇದ್ದರೆ ಅದು ಎಲ್ಲಿದೆ ನೋಡಬೇಕು. ವೆಲ್ಡರ್ ರಾಡ್ ಬದಲಾಯಿಸುವ ಹೊತ್ತಿನಲ್ಲಿ ಇಂಧನ ಉಳಿಯಲೆಂದು ಈ ವ್ಯವಸ್ಥೆ ಎಂಜಿನ್ ವೇಗವನ್ನು ತಗ್ಗಿಸುತ್ತದೆ, ಲೋಡ್ ಬಂದೊಡನೆ ಏರಿಸುತ್ತದೆ. ಆದರೆ ಲೋಡ್ ಬಂದಿತೆಂದು ಅದಕ್ಕೆ ತಿಳಿಯಲು ಹಲವು ಮಾದರಿಗಳಲ್ಲಿ ಸುಮಾರು 100 ವ್ಯಾಟ್ ಆದರೂ ಬೇಕು. ನಾಲ್ಕು ಎಲ್‌ಇಡಿ ಬಲ್ಬು, ಒಂದು ಮೊಬೈಲ್ ಚಾರ್ಜರ್, ಒಂದು ರೂಟರ್ ಸೇರಿದರೂ ಆ ಮಟ್ಟ ಮುಟ್ಟುವುದಿಲ್ಲ. ಆಗ ಯಂತ್ರ ಖಾಲಿ ಇದೆಯೆಂದೇ ತಿಳಿದು ಕೆಳವೇಗದಲ್ಲಿ ಉಳಿಯುತ್ತದೆ. 3,000 ಆರ್‌ಪಿಎಂನಲ್ಲಿ 50 ಹರ್ಟ್ಜ್ ಕೊಡುವ ಯಂತ್ರ 2,000 ಆರ್‌ಪಿಎಂಗೆ ಇಳಿದರೆ ಸಾಕೆಟ್ಟಿನಲ್ಲಿ ಬರುವುದು 33 ಹರ್ಟ್ಜ್ ಮಾತ್ರ, ವೋಲ್ಟೂ ಅದರೊಂದಿಗೆ ಕುಸಿದಿರುತ್ತದೆ. ಮನೆಗೆ ಬಳಸುವಷ್ಟು ಹೊತ್ತೂ ಸ್ವಿಚ್ಚನ್ನು ‘ಹೈ’ನಲ್ಲೇ ಇಡಬೇಕು. ಇಂಧನ ಹೆಚ್ಚು ಖರ್ಚಾಗುತ್ತದೆ, ನಿಜ. ಆದರೆ ಕಂಪ್ರೆಸರ್ ಒಂದರ ಬೆಲೆಯ ಮುಂದೆ ಅದು ದೊಡ್ಡದಲ್ಲ.

ಎರಡನೆಯದು ವೆಲ್ಡಿಂಗ್ ಕರೆಂಟನ್ನು ಏರಿಸಿ ಇಳಿಸುವ ಗುಬಟು (ನಾಬ್). ಕೆಲವು ಯಂತ್ರಗಳಲ್ಲಿ, ಅದರಲ್ಲೂ ಹಳೆಯ ವಿನ್ಯಾಸದವುಗಳಲ್ಲಿ, ಈ ಗುಬಟು ಫೀಲ್ಡ್ ವೈಂಡಿಂಗಿಗೆ (ಯಂತ್ರದೊಳಗೆ ಕಾಂತಕ್ಷೇತ್ರ ಹುಟ್ಟಿಸುವ ಸುರುಳಿಗೆ) ಹೋಗುವ ಕರೆಂಟನ್ನೇ ಹಿಡಿದಿರುತ್ತದೆ. ತೆಳು ತಗಡಿಗೆಂದು ಅದನ್ನು ಕೆಳಗಿಳಿಸಿಟ್ಟಿದ್ದರೆ ಸಾಕೆಟ್ಟಿನ ವೋಲ್ಟೂ ಕೆಳಗೇ ಇರುತ್ತದೆ. ಅಂಥ ಯಂತ್ರಗಳ ಕೈಪಿಡಿ, ಸಾಕೆಟ್ ಬಳಸುವಾಗ ಗುಬಟನ್ನು ಗರಿಷ್ಠಕ್ಕೆ ತಿರುಗಿಸಿಡಿ ಎಂದು ಹೇಳಿರುತ್ತದೆ. ಎಂಜಿನ್ ಪೂರ್ಣ ವೇಗದಲ್ಲಿದ್ದು, ಹರ್ಟ್ಜ್ ಸರಿಯಿದ್ದು, ವೋಲ್ಟ್ ಮಾತ್ರ ಕಡಿಮೆ ತೋರಿದರೆ ಮೊದಲು ಈ ಗುಬಟಿನ ಮೇಲೆ ಅನುಮಾನ ಪಡಬೇಕು.

ಇವೆರಡೂ ಸರಿಯಿದ್ದ ಮೇಲೆ ಲೋಡ್ ಇಲ್ಲದೆ ಅಳೆಯಬೇಕು. 50 ಹರ್ಟ್ಜ್ ಯಂತ್ರಕ್ಕೆ ಖಾಲಿ ಓಟದಲ್ಲಿ 51ರಿಂದ 53 ಹರ್ಟ್ಜ್, 60 ಹರ್ಟ್ಜ್ ಯಂತ್ರಕ್ಕೆ 61ರಿಂದ 63 ಹರ್ಟ್ಜ್ ಸಹಜ. ಮೆಕ್ಯಾನಿಕಲ್ ಗವರ್ನರ್ (ಎಂಜಿನ್ ವೇಗವನ್ನು ಹಿಡಿದಿಡುವ ಸಾಧನ) ಇರುವ ಎಂಜಿನ್ ಲೋಡ್ ಏರಿದಂತೆ ಎರಡು ಮೂರು ಹರ್ಟ್ಜ್ ಇಳಿಯಲೆಂದೇ ಹೀಗೆ ಹೊಂದಿಸಿರುತ್ತಾರೆ. ಇದಕ್ಕಿಂತ ಕಡಿಮೆ ಇದ್ದರೆ ಏರ್ ಫಿಲ್ಟರ್, ಇಂಧನ ಫಿಲ್ಟರ್, ಪೆಟ್ರೋಲ್ ಎಂಜಿನ್ನಾದರೆ ಚೋಕ್ ಮತ್ತು ಸ್ಪಾರ್ಕ್ ಪ್ಲಗ್, ಈ ಕ್ರಮದಲ್ಲಿ ನೋಡಬೇಕು. ಇವೆಲ್ಲ ಚೊಕ್ಕವಾಗಿದ್ದೂ ವೇಗ ಏರದಿದ್ದರೆ ಗವರ್ನರ್ ಹೊಂದಾಣಿಕೆ ತಪ್ಪಿದೆ. ಆ ಸ್ಕ್ರೂವನ್ನು ಮೀಟರ್ ಇಲ್ಲದೆ ಅಂದಾಜಿನಲ್ಲಿ ತಿರುಗಿಸಬಾರದು: ವೇಗ ಹೆಚ್ಚಾದರೆ ವೋಲ್ಟೂ ಹೆಚ್ಚಾಗಿ ಮನೆಯ ಉಪಕರಣಗಳೆಲ್ಲ ಒಂದೇ ಸಲಕ್ಕೆ ಹೋಗಬಹುದು.

ಲಕ್ಷಣ: ಎಂಜಿನ್ ಚೆನ್ನಾಗಿ ಓಡುತ್ತಿದೆ, ಸಾಕೆಟ್ಟಿನಲ್ಲಿ ಏನೂ ಇಲ್ಲ

ಯಂತ್ರದ ಮೇಲಿನ ಬ್ರೇಕರ್ ಬಿದ್ದಿದೆಯೇ ನೋಡಿ, ಪೂರ್ತಿ ಕೆಳಗೆಳೆದು ಮತ್ತೆ ಏರಿಸಬೇಕು. ಸಾಕೆಟ್ಟಿನಲ್ಲೇ ಭೂಸೋರಿಕೆ ರಕ್ಷಣೆಯ ಗುಂಡಿ ಇದ್ದರೆ ಅದನ್ನೂ ಒತ್ತಬೇಕು. ವೆಲ್ಡಿಂಗ್ ಮತ್ತು ಪವರ್ ನಡುವೆ ಆಯ್ಕೆ ಮಾಡುವ ಸ್ವಿಚ್ ಇದ್ದರೆ ಅದು ಪವರ್ ಕಡೆಗಿರಬೇಕು.

ಆಮೇಲೆ ಒಂದು ಅಳತೆ ಬಹಳ ಉಪಯುಕ್ತ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ವೆಲ್ಡಿಂಗ್ ಟರ್ಮಿನಲ್‌ಗಳ ನಡುವೆ ಹಿಡಿಯಬೇಕು (ಎಸಿ ವೆಲ್ಡಿಂಗ್ ಮಾತ್ರ ಕೊಡುವ ಯಂತ್ರವಾದರೆ ಎಸಿಗೆ). ಅಲ್ಲಿ 60–80 ವೋಲ್ಟ್ ಇದ್ದು ಸಾಕೆಟ್ಟಿನಲ್ಲಿ ಇಲ್ಲವಾದರೆ, ಯಂತ್ರದ ಮುಖ್ಯ ಭಾಗ ಚೆನ್ನಾಗಿದೆ. ದೋಷ ಬಹುಮಟ್ಟಿಗೆ ಬ್ರೇಕರ್, ಸಾಕೆಟ್ ಅಥವಾ ಅವುಗಳಿಗೆ ಹೋಗುವ ವೈರಿನಲ್ಲಿದೆ. ಎರಡೂ ಕಡೆ ಇಲ್ಲವಾದರೆ ಫೀಲ್ಡಿಗೆ ಕರೆಂಟ್ ಸಿಗುತ್ತಿಲ್ಲ: ಕಾರ್ಬನ್ ಬ್ರಷ್ ಸವೆದಿರಬಹುದು, ಬ್ರಷ್ ಒತ್ತಿ ನಿಲ್ಲುವ ತಿರುಗುವ ಬಳೆಯ (ಸ್ಲಿಪ್ ರಿಂಗ್) ಮೇಲೆ ತುಕ್ಕಿನ ಪದರ ಬಂದಿರಬಹುದು, ಅಥವಾ ತಿಂಗಳುಗಟ್ಟಲೆ ಸುಮ್ಮನೆ ನಿಂತ ಯಂತ್ರದ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಕಾಂತತ್ವ ಕಳೆದುಹೋಗಿರಬಹುದು. ಮೀಟರಿನಲ್ಲಿ ಸೊನ್ನೆಯ ಬದಲು ಎರಡರಿಂದ ಐದು ವೋಲ್ಟಿನಷ್ಟು ಕಾಣುತ್ತಿದ್ದರೆ ಕಾಂತತ್ವ ಇನ್ನೂ ಇದೆ ಎಂದರ್ಥ, ಆಗ ಬ್ರಷ್‌ಗಳ ಕಡೆಗೇ ಹೆಚ್ಚು ಅನುಮಾನ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕವರ್ ತೆಗೆದು ಬ್ರಷ್‌ಗಳ ಉದ್ದವನ್ನೂ ಅವು ಹೋಲ್ಡರ್‌ನಲ್ಲಿ ಸಲೀಸಾಗಿ ಜಾರುತ್ತವೆಯೇ ಎಂಬುದನ್ನೂ ನೋಡಬಹುದು. ಕೈಲಾದವರು ಇಲ್ಲಿಯವರೆಗೆ ಬರಬಹುದು. ಬ್ಯಾಟರಿಯಿಂದ ಫೀಲ್ಡಿಗೆ ಕರೆಂಟ್ ಕೊಟ್ಟು ಕಾಂತತ್ವ ಮರಳಿಸುವ ವಿಧಾನ ಬಲ್ಲವರ ಕೈಗೇ ಬಿಡಬೇಕು. ಧ್ರುವ ತಪ್ಪಿದರೆ ಅಥವಾ ಎವಿಆರ್ (ವೋಲ್ಟನ್ನು ತಾನಾಗಿ ಹಿಡಿದಿಡುವ ಸಾಧನ) ಕಳಚದೆ ಮಾಡಿದರೆ ಸಣ್ಣ ದೋಷ ದೊಡ್ಡದಾಗುತ್ತದೆ. ಬ್ರಷ್ ಇಲ್ಲದ ಯಂತ್ರಗಳಲ್ಲಿರುವ ಕೆಪಾಸಿಟರ್ ಎಂಜಿನ್ ನಿಂತ ಮೇಲೂ ಆಘಾತ ಕೊಡಬಲ್ಲದು, ಅದನ್ನು ಮುಟ್ಟಬಾರದು.

ಹಳೆಯ ಯಂತ್ರ ಕೊಂಡವರಿಗೆ ಇಲ್ಲೇ ಒಂದು ಎಚ್ಚರಿಕೆ. ಮೀಟರ್ ಎಸಿಯಲ್ಲಿ ಏನೂ ತೋರದಿದ್ದರೆ ಡಿಸಿಗೆ ತಿರುಗಿಸಿ ನೋಡಬೇಕು. ಪೈಪ್‌ಲೈನ್ ಕೆಲಸಕ್ಕೆಂದು ಬಂದ ಕೆಲವು ಹಳೆಯ ವೆಲ್ಡಿಂಗ್ ಯಂತ್ರಗಳ ಸಾಕೆಟ್ಟಿನಲ್ಲಿ ಬರುವುದೇ ಡಿಸಿ. ಬ್ರಷ್ ಇರುವ ಗ್ರೈಂಡರ್, ತಂತಿ ಬಲ್ಬು ಅದರಲ್ಲಿ ನಡೆಯುತ್ತವೆ. ಫ್ರಿಜ್, ಪಂಪು, ಫ್ಯಾನು, ಟ್ರಾನ್ಸ್‌ಫಾರ್ಮರ್ ಇರುವ ಯಾವುದೇ ಉಪಕರಣ ಅದಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ಇದು ದುರಸ್ತಿ ಮಾಡುವ ದೋಷವಲ್ಲ, ಅಂಥ ಯಂತ್ರ ಮನೆಗೆ ಒದಗುವುದಿಲ್ಲ ಅಷ್ಟೇ.

ಲಕ್ಷಣ: ಕೆಲವು ದೀಪ ಕಣ್ಣು ಕೋರೈಸುತ್ತವೆ, ಕೆಲವು ಮಂಕಾಗಿವೆ

ತಪಾಸಣೆ ಬೇಡ, ಮೊದಲು ಮುಖ್ಯ ಬ್ರೇಕರ್ ಇಳಿಸಬೇಕು. ನ್ಯೂಟ್ರಲ್ ಎಲ್ಲೋ ಕಡಿದಿದೆ ಅಥವಾ ಸಡಿಲವಾಗಿದೆ. ಮೂರು ಫೇಸ್ ಯಂತ್ರದಲ್ಲಿ ನ್ಯೂಟ್ರಲ್ ಹೋದರೆ 230 ವೋಲ್ಟಿನ ಉಪಕರಣದ ಮೇಲೆ 400 ವೋಲ್ಟಿಗೆ ಹತ್ತಿರದ ಒತ್ತಡ ಬೀಳಬಹುದು. 120/240 ವೋಲ್ಟಿನ ಎರಡು ಕಾಲಿನ (ನ್ಯೂಟ್ರಲ್ಲಿನ ಎರಡು ಬದಿಗೆ ತಲಾ 120 ವೋಲ್ಟಿನ ಒಂದೊಂದು ಲೈನ್ ಇರುವ) ವ್ಯವಸ್ಥೆಯಲ್ಲಿ ಕಡಿಮೆ ಲೋಡ್ ಇರುವ ಕಾಲಿನ ಮೇಲೆ 200 ದಾಟಬಹುದು. ಎಂಜಿನ್ ನಿಲ್ಲಿಸಿದ ಮೇಲೆ ಪ್ಲಗ್ಗಿನ ನ್ಯೂಟ್ರಲ್ ಪಿನ್ ಕಪ್ಪಾಗಿದೆಯೇ, ಸುತ್ತಲಿನ ಪ್ಲಾಸ್ಟಿಕ್ ಕರಗಿದೆಯೇ ಎಂದು ನೋಡಬಹುದು. ಉಳಿದದ್ದು ಎಲೆಕ್ಟ್ರಿಷಿಯನ್ ಕೆಲಸ. ಅವರು ಬಂದು ನೋಡುವವರೆಗೆ ಮನೆ ಕತ್ತಲಲ್ಲಿರಲಿ.

ಲಕ್ಷಣ: ಪಂಪು ಹಾಕಿದೊಡನೆ ಎಂಜಿನ್ ಉಸಿರುಗಟ್ಟುತ್ತದೆ ಅಥವಾ ಬ್ರೇಕರ್ ಬೀಳುತ್ತದೆ

ಒಂದು ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಒಂದು ಕಿಲೋವ್ಯಾಟ್‌ನ ಆಸುಪಾಸು. ಚಾಲೂ ಆಗುವ ಕ್ಷಣದಲ್ಲಿ ಮಾತ್ರ ಅದು ಓಡುವ ಕರೆಂಟಿನ ಐದಾರು ಪಟ್ಟು ಕೇಳುತ್ತದೆ. ಯಂತ್ರದ ನಾಮಫಲಕದಲ್ಲಿ ದೊಡ್ಡಕ್ಷರದಲ್ಲಿರುವುದು ಅನೇಕ ವೇಳೆ ಕ್ಷಣಿಕ ಗರಿಷ್ಠ ಶಕ್ತಿ. ಮನೆಗೆ ಲೆಕ್ಕ ಹಾಕಬೇಕಾದದ್ದು ನಿರಂತರ ಶಕ್ತಿಯನ್ನು. ಕೆವಿಎ ಎಂದು ಬರೆದಿದ್ದರೆ ಅದರ ಜೊತೆಗಿರುವ ಪವರ್ ಫ್ಯಾಕ್ಟರ್‌ನಿಂದ, ಮೂರು ಫೇಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ 0.8ರಿಂದ, ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಮೂರು ಫೇಸ್ ಯಂತ್ರದ ಒಂದೇ ಫೇಸಿನಿಂದ ಪೂರ್ತಿ ಶಕ್ತಿ ತೆಗೆಯಲಾಗದು, ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನಷ್ಟೇ ನೆಚ್ಚಬೇಕು. ಟರ್ಬೊ ಇಲ್ಲದ ಎಂಜಿನ್ ಎತ್ತರದ ಪ್ರದೇಶದಲ್ಲಿ ಪ್ರತಿ 1,000 ಮೀಟರಿಗೆ ಸುಮಾರು ಶೇಕಡ 10ರಷ್ಟು ಬಲ ಕಳೆದುಕೊಳ್ಳುತ್ತದೆ. ಯಾರಾದರೂ ಅದೇ ಹೊತ್ತಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರೆ ಸಾಕೆಟ್ಟಿಗೆ ಉಳಿಯುವುದು ಇನ್ನೂ ಕಡಿಮೆ. ಮನೆಗೂ ಆರ್ಕ್‌ಗೂ ಒಟ್ಟಿಗೆ ಕೊಡಲೇಬಾರದು.

ಮೊದಲು ಉಳಿದೆಲ್ಲ ಲೋಡ್ ತೆಗೆದು ಪಂಪನ್ನೊಂದನ್ನೇ ಹಾಕಿ ನೋಡಬೇಕು. ಹಾಗೆ ನಡೆದರೆ ದೋಷವಿಲ್ಲ: ದೊಡ್ಡ ಮೋಟರ್ ಮೊದಲು, ಚಿಕ್ಕವು ಆಮೇಲೆ ಎಂಬ ಕ್ರಮ ಸಾಕು. ಒಂಟಿಯಾಗಿ ಹಾಕಿದರೂ ಏಳದಿದ್ದರೆ ಕೇಬಲ್ ಕಡೆ ನೋಡಬೇಕು. ಯಂತ್ರವನ್ನು ದೂರ ಇಟ್ಟಿದ್ದೇವಲ್ಲ, ಅದರ ಬೆಲೆ ಕೇಬಲ್ಲಿನಲ್ಲಿ ತೆರಬೇಕು. 1.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ 30 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಪ್ರತಿರೋಧ ಸುಮಾರು 0.73 ಓಮ್, ಮೋಟರ್ ಎದ್ದೇಳುವಾಗಿನ 35 ಆಂಪಿಯರಿಗೆ 25 ವೋಲ್ಟ್ ಕೇಬಲ್ಲಿನಲ್ಲೇ ಕರಗುತ್ತದೆ. 4 ಚದರ ಮಿಲಿಮೀಟರ್ ಆದರೆ ಅದು 10 ವೋಲ್ಟಿಗೆ ಇಳಿಯುತ್ತದೆ. ಯಂತ್ರದ ಸಾಕೆಟ್ಟಿನಲ್ಲಿ ಒಮ್ಮೆ, ಮನೆಯ ತುದಿಯಲ್ಲಿ ಒಮ್ಮೆ, ಲೋಡ್ ಇರುವಾಗಲೇ ಅಳೆದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಎಕ್ಸ್‌ಟೆನ್ಶನ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದ ಕೇಬಲ್ ಒಳಗೊಳಗೇ ಬಿಸಿಯಾಗಿ ಕರಗುತ್ತದೆ. ಪ್ಲಗ್ ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೆ ಅಲ್ಲಿಗೆ ನಿಲ್ಲಿಸಿ ಪ್ಲಗ್ ಬದಲಿಸಬೇಕು.

ಲಕ್ಷಣ: ಯುಪಿಎಸ್ ಜನರೇಟರನ್ನು ಒಪ್ಪುತ್ತಿಲ್ಲ

ಯುಪಿಎಸ್ ಟಿಕ್ ಟಿಕ್ ಎನ್ನುತ್ತ ಬ್ಯಾಟರಿಗೂ ಲೈನಿಗೂ ನಡುವೆ ಓಲಾಡುತ್ತದೆ, ಚಾರ್ಜ್ ಏರುವುದಿಲ್ಲ. ಹರ್ಟ್ಜ್ ಅಸ್ಥಿರವಾಗಿದ್ದರೆ, ಅಂದರೆ ಎಂಜಿನ್ನಿನ ಸದ್ದೇ ಏರಿಳಿಯುತ್ತಿದ್ದರೆ, ಕಾರ್ಬ್ಯುರೇಟರ್ ಅಥವಾ ಗವರ್ನರ್ ನೋಡಬೇಕು. ಸ್ಥಿರವಾಗಿದ್ದೂ ಒಪ್ಪದಿದ್ದರೆ ಅಲೆಯ ಆಕಾರ ಕಾರಣ: ವೆಲ್ಡಿಂಗ್‌ಗೆ ಹೊಂದಿಸಿದ ವೈಂಡಿಂಗಿನಿಂದ ಬರುವ ಎಸಿ ಅಲೆ ಅನೇಕ ಯಂತ್ರಗಳಲ್ಲಿ ನಯವಾಗಿರುವುದಿಲ್ಲ. ಯುಪಿಎಸ್‌ನಲ್ಲಿ ವಿಶಾಲ ವ್ಯಾಪ್ತಿಯ ಮೋಡ್ ಇದ್ದರೆ ಅದಕ್ಕೆ ಬದಲಿಸಬೇಕು. ಒಂದು ತಂತಿ ಬಲ್ಬನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಜೊತೆಗೆ ಹಾಕಿದಾಗ ಕೆಲವೊಮ್ಮೆ ಅದು ಒಪ್ಪಿಕೊಳ್ಳುವುದೂ ಉಂಟು. ಇನ್ನೂ ಒಪ್ಪದಿದ್ದರೆ ಕಂಪ್ಯೂಟರ್, ಟಿವಿ, ವೈದ್ಯಕೀಯ ಉಪಕರಣಗಳನ್ನು ಈ ಯಂತ್ರಕ್ಕೆ ಹಾಕದಿರುವುದೇ ಸರಿ.

ಲಕ್ಷಣ: ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ

ಕರೆಂಟ್ ಇದ್ದಾಗ ಸುಮ್ಮನಿದ್ದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ವಿದ್ಯುತ್ ಕಡಿದುಹಾಕುವ ಬ್ರೇಕರ್) ಜನರೇಟರಿಗೆ ಬದಲಿಸಿದಾಗ ಬಿದ್ದರೆ ನ್ಯೂಟ್ರಲ್ ಮತ್ತು ಅರ್ಥ್ ಎಲ್ಲಿ ಸೇರಿವೆ ಎಂದು ನೋಡಬೇಕು. ಅವು ಒಂದೇ ಜಾಗದಲ್ಲಿ ಸೇರಿರಬೇಕು. ಯಂತ್ರದ ಚೌಕಟ್ಟಿನಲ್ಲೂ ಸೇರಿ ಮನೆಯ ಬೋರ್ಡಿನಲ್ಲೂ ಸೇರಿದ್ದರೆ ಮರಳಿ ಬರುವ ಕರೆಂಟ್ ಎರಡು ದಾರಿಗೆ ಹಂಚಿಹೋಗಿ ಆರ್‌ಸಿಸಿಬಿ ಬೀಳುತ್ತದೆ. ಚೇಂಜ್‌ಓವರ್ ಫೇಸನ್ನು ಮಾತ್ರ ಬದಲಿಸಿ ನ್ಯೂಟ್ರಲನ್ನು ಹಾಗೇ ಬಿಟ್ಟಿದ್ದರೂ ಇದೇ ತೊಂದರೆ ಬರಬಹುದು.

ಇದರ ತಿರುವುಮುರುವು ಸ್ಥಿತಿ ಹೆಚ್ಚು ಅಪಾಯಕಾರಿ, ಏಕೆಂದರೆ ಅದಕ್ಕೆ ಲಕ್ಷಣವೇ ಇಲ್ಲ. ನ್ಯೂಟ್ರಲ್ ಎಲ್ಲಿಯೂ ಅರ್ಥ್‌ಗೆ ಸೇರದೆ ತೇಲುತ್ತಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿಯಿಲ್ಲ, ಆರ್‌ಸಿಸಿಬಿ ಬೀಳುವುದೇ ಇಲ್ಲ. ಅದರ ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಬೀಳುತ್ತದೆ, ಏಕೆಂದರೆ ಆ ಗುಂಡಿ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಪರೀಕ್ಷೆ ನಡೆಸುತ್ತದೆ, ಅರ್ಥ್ ಅದಕ್ಕೆ ಬೇಕಾಗಿಲ್ಲ. ಗುಂಡಿ ಕೆಲಸ ಮಾಡಿತೆಂದು ನಿಶ್ಚಿಂತರಾಗಬಾರದು. ಅರ್ಥಿಂಗ್ ಕ್ರಮವನ್ನು ಆ ಪ್ರದೇಶದ ನಿಯಮ ತಿಳಿದ ಎಲೆಕ್ಟ್ರಿಷಿಯನ್ ಒಮ್ಮೆ ಪರೀಕ್ಷಿಸಿ ಹೇಳಲೇಬೇಕು.

ಲಕ್ಷಣ: ಸ್ವಲ್ಪ ಹೊತ್ತು ಓಡಿ ತಾನೇ ನಿಲ್ಲುತ್ತದೆ

ಕೆಲವೇ ಸೆಕೆಂಡಿನಲ್ಲಿ ನಿಂತರೆ ಎಂಜಿನ್ ಆಯಿಲ್ ನೋಡಬೇಕು. ಆಯಿಲ್ ಒತ್ತಡ ಅಥವಾ ಮಟ್ಟ ಕಡಿಮೆಯಾದರೆ ನಿಲ್ಲಿಸುವ ರಕ್ಷಣೆ ಬಹುತೇಕ ಯಂತ್ರಗಳಲ್ಲಿದೆ. ಯಂತ್ರ ಇಳಿಜಾರಿನಲ್ಲಿ ನಿಂತಿದ್ದರೂ ಅದು ಮೋಸಹೋಗುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಓಡಿ, ತುಸು ತಡವರಿಸಿ ನಿಂತರೆ, ಎಂಜಿನ್ ತಣಿದ ಮೇಲೆ ಇಂಧನ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ಕಿವಿಗೊಡಬೇಕು. ಸುಯ್ ಎಂದು ಗಾಳಿ ಒಳಗೆಳೆದ ಸದ್ದು ಕೇಳಿದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ: ಇಂಧನ ಖಾಲಿಯಾದಷ್ಟೂ ಒಳಗೆ ನಿರ್ವಾತ ಬೆಳೆದು ಹರಿವು ನಿಂತಿದೆ. ಧೂಳು ತೆಗೆದರೆ ಸರಿಯಾಗುತ್ತದೆ. ಇದೇ ಲಕ್ಷಣಕ್ಕೆ ಕಾರ್ಬ್ಯುರೇಟರ್ ಬಿಚ್ಚಿ ಹಾಕಿದವರನ್ನು ನಾನು ಬಲ್ಲೆ.

ತಿಂಗಳುಗಳ ಕಾಲ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ಹಳಸಿ ಅಂಟಂಟಾಗುತ್ತದೆ, ಹೊಸದನ್ನು ತುಂಬಬೇಕು. ಡೀಸೆಲ್ ಎಂಜಿನ್ ಒಮ್ಮೆ ಇಂಧನ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನೊಳಗೆ ಗಾಳಿ ಸೇರಿರುತ್ತದೆ. ಕೈಪಿಡಿ ಹೇಳಿದಂತೆ ಅದನ್ನು ಹೊರಹಾಕದೆ ಮತ್ತೆ ಚಾಲೂ ಆಗುವುದಿಲ್ಲ. ಎಂಜಿನ್ ಬಿಸಿಯಿರುವಾಗ ಇಂಧನ ತುಂಬಬಾರದು.

ಲಕ್ಷಣ: ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯಿಂದ ಕಪ್ಪು ಜಿಡ್ಡು ಒಸರುತ್ತದೆ

ಹತ್ತು ಕಿಲೋವ್ಯಾಟ್ ಯಂತ್ರದ ಮೇಲೆ ನಾಲ್ಕು ದೀಪ ಒಂದು ಫ್ಯಾನು ಹಾಕಿ ರಾತ್ರಿಯಿಡೀ ಓಡಿಸಿದ್ದರ ಫಲ ಇದು. ಲೋಡ್ ತೀರ ಕಡಿಮೆಯಾದರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಮಸಿಯೊಡನೆ ಕೊಳವೆಯಲ್ಲಿ ಕೂರುತ್ತದೆ. ನಿರಂತರ ಶಕ್ತಿಯ ಶೇಕಡ 30ಕ್ಕಿಂತ ಕೆಳಗೆ ಬಹಳ ಹೊತ್ತು ಓಡಿಸಬಾರದು. ಅಲ್ಲೊಮ್ಮೆ ಇಲ್ಲೊಮ್ಮೆ ಒಂದೆರಡು ಗಂಟೆ ನೀರು ಕಾಯಿಸುವ ಹೀಟರಿನಂಥ ಭಾರೀ ಲೋಡ್ ಹಾಕಿ ಓಡಿಸಿದರೆ ಜಿಡ್ಡು ಉರಿದುಹೋಗುತ್ತದೆ. ಮೊದಲ ಸಲ ಹಾಗೆ ಮಾಡುವಾಗ ಸೈಲೆನ್ಸರ್‌ನಲ್ಲಿ ಕಿಡಿ ಬರಬಹುದಾದ್ದರಿಂದ ಸುತ್ತಮುತ್ತ ಒಣಹುಲ್ಲು, ಕಟ್ಟಿಗೆ ಇರದಂತೆ ನೋಡಿಕೊಂಡು ಪಕ್ಕದಲ್ಲೇ ನಿಂತಿರಬೇಕು. ಜಿಡ್ಡು ಹೋದ ಮೇಲೂ ಹೊಗೆ ನೀಲಿಯಾಗಿಯೇ ಬರುತ್ತಿದ್ದು ಆಯಿಲ್ ಮಟ್ಟ ಇಳಿಯುತ್ತಿದ್ದರೆ ಯಂತ್ರವನ್ನು ಮೆಕ್ಯಾನಿಕ್ ಬಳಿಗೆ ಒಯ್ಯಬೇಕು.